ಕಸದ ಚೀಲ ಹಿಡಿದು ಹೊರಟವಳು

ಚಿಕ್ಕಂದಿನಲ್ಲಿ ಉಪ್ಪು ತರಲು ಅಂಗಡಿಗೆ ಕಳಿಸಿದರೆ ಅವಳು ಹೋದ ದಾರಿಯಲ್ಲಿ ವಾಪಸ್ಸು ಬಂದದ್ದೇ ಇಲ್ಲ. ಹಿಂದಿನ ಬೀದಿ ಹಿಡಿದು, ಯಾರದೋ ಹಿತ್ತಿಲು ದಾಟಿ, ಎಲ್ಲೆಲ್ಲೋ ಸುತ್ತಿ ಬರುತ್ತಿದ್ದಳು. "ಉಪ್ಪು ತರೋಕೆ ಹೋದೋಳು ಸಮುದ್ರಕ್ಕೇ ಹೋಗಿದ್ಯೇನೇ?" ಎಂದು ಅಮ್ಮ ಬೈಯುವಳು. ಹಾಗೆ ಗಿರಕಿ ಎಂಬ ಹೆಸರು ಅಂಟಿಕೊಂಡಿತು. ಹೆಸರು ಅಂಟಿದ ಮೇಲೆ ಗಿರಕಿ ಹೊಡೆಯಲು ಮಾತ್ರ ಪುರುಸೊತ್ತು ಸಿಗಲಿಲ್ಲ. ಅಮ್ಮ ಹಾಸಿಗೆ ಹಿಡಿದಳು, ಅವಳನ್ನು ನೋಡಿಕೊಂಡಳು. ತಂಗಿಯನ್ನು ಓದಿಸಿದಳು, ಮದುವೆ ಮಾಡಿ ಕಳಿಸಿದಳು. ತನ್ನದೇ ಮದುವೆಯ ಮಾತು ಬಂದಾಗಲೆಲ್ಲ ಒಲೆಯ ಮೇಲೆ ಏನಾದರೂ ಉಕ್ಕುತ್ತಿರುತ್ತಿತ್ತು. "ಒಂದು ನಿಮಿಷ ಬಂದೆ" ಎಂದು ಒಳಗೆ ಹೋದವಳು ಹೊರಗೆ ಬರುವಷ್ಟರಲ್ಲಿ ಮಾತು ಎದ್ದು ಹೋಗಿರುತ್ತಿತ್ತು.

ತಂಗಿಯ ಬಾಣಂತನಕ್ಕೆಂದು ಪರದೇಶದ ಈ ಊರಿಗೆ ಬಂದಳು. ಬಾಣಂತನ ಮುಗಿಯಿತು. ಮಗು ಮಗುಚಿತು, ಅಂಬೆಗಾಲಿಟ್ಟಿತು, ಸ್ಕೂಲಿಗೂ ಹೋಯಿತು. ಗಿರಕಿ ವಾಪಸ್ಸು ಹೋಗುವ ಮಾತು ಪ್ರತಿಸಲವೂ "ಈ ಚಳಿಗಾಲ ಒಂದು ಕಳೀಲಿ ಅಕ್ಕಾ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಚಳಿಗಾಲಗಳು ತಮ್ಮ ಪಾಡಿಗೆ ತಾವು ಕಳೆದವು. "ನಮ್ಮಕ್ಕ ಇಲ್ದೆ ಇದ್ದಿದ್ರೆ ನಾನು ಕೆಲಸಕ್ಕೆ ಹೋಗೋಕಾಗ್ತಿತ್ತಾ" ಎಂದು ತಂಗಿ ಬಂದವರ ಮುಂದೆಲ್ಲ ಹೇಳುವಳು. ತಂಗಿ ಹೋಗುತ್ತಿದ್ದುದು ಕೆಲಸಕ್ಕೆ. ಅಕ್ಕ ಮಾಡುತ್ತಿದ್ದುದಕ್ಕೆ ಆ ಮನೆಯಲ್ಲಿ ಹೆಸರೇ ಇರಲಿಲ್ಲ.

ಆ ಊರಿನ ಕಟ್ಟಡಗಳಿಗೆಲ್ಲ ಎರಡು ಮುಖ. ಮುಂದುಗಡೆ ಗಾಜಿನ ಬಾಗಿಲು, ಹೂವಿನ ಕುಂಡ, ಅಗಲವಾದ ರಸ್ತೆ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದು ಕಿರಿದಾದ ಮೆಟ್ಟಿಲು ಇಳಿದರೆ ಹಿಂದಿನ ಓಣಿ. ಕಸ ಹೋಗುವುದು, ಹಾಲು ಬರುವುದು, ನಲ್ಲಿ ರಿಪೇರಿಯವನು ಹತ್ತಿ ಇಳಿಯುವುದು ಎಲ್ಲ ಅಲ್ಲಿಂದ. ಗಿರಕಿಗೆ ಕೊಟ್ಟದ್ದು ಈ ಹಿಂಬಾಗಿಲ ಕೀಲಿಕೈ ಮಾತ್ರ.

ಒಂದು ಮಧ್ಯಾಹ್ನ ಕಸ ಹಾಕಲು ಇಳಿದವಳು ತೊಟ್ಟಿಯನ್ನು ದಾಟಿ ಸುಮ್ಮನೆ ಮುಂದೆ ಹೋದಳು. ಯಾರೂ ಏನೂ ಅನ್ನಲಿಲ್ಲ. ಕೈಯಲ್ಲಿ ಕಸದ ಚೀಲವಿರುವ ಹೆಂಗಸನ್ನು ಯಾವ ಊರಿನಲ್ಲೂ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಅದು ತಿಳಿದ ಮೇಲೆ ಅವಳು ದಿನವೂ ಬೆಳಗಿನ ಸಿಪ್ಪೆಯಲ್ಲಿ ಒಂದಿಷ್ಟನ್ನು ಮಧ್ಯಾಹ್ನಕ್ಕೆಂದು ಎತ್ತಿಡತೊಡಗಿದಳು. ಪಾತ್ರೆ ತೊಳೆದು, ನೆಲ ಒರೆಸಿ, ಸ್ಕೂಲು ಬಿಡುವುದರೊಳಗೆ ಸಿಗುವ ಆ ತುಂಡು ಹೊತ್ತಿನಲ್ಲಿ, ಚೀಲವನ್ನು ಬೀಸಿಕೊಂಡು ಓಣಿಯಿಂದ ಓಣಿಗೆ ನಡೆಯುವಳು. ವಾಪಸ್ಸು ಬರುವಾಗ ಚೀಲವನ್ನು ಮನೆಯ ತೊಟ್ಟಿಗೇ ಹಾಕುವಳು. ಇಡೀ ಊರು ಸುತ್ತಿ ಬಂದ ಸಿಪ್ಪೆ ಅದು.

ಆ ಊರಿನ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಒಣಹಾಕಿದ ಬಟ್ಟೆ ಓದಲು ಬರುತ್ತಿತ್ತು. ಮೂಲೆಯ ಮನೆಯಲ್ಲಿ ದಿನವೂ ಹಾಸಿಗೆ ಹೊದಿಕೆ ಒಣಗುತ್ತಿತ್ತು ಎಂದರೆ ಒಳಗೆ ಹಾಸಿಗೆಯಲ್ಲೇ ಮಾಡಿಕೊಳ್ಳುವ ಮುದುಕರಿದ್ದಾರೆ. ಅದರಾಚೆಯ ಮನೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಗಂಡಸಿನ ಪ್ಯಾಂಟುಗಳು ತೂಗಿದವು. ಹೋದವನು ಬಂದ ಹಾಗಾಯಿತು. ಅವತ್ತಿನಿಂದ ಆ ಮನೆಯ ಹೆಂಗಸಿನ ಹಾಡು ನಿಂತಿತು. ಹಸಿರು ಕಿಟಕಿಯವಳು ಹಿಂಡದೆಯೇ ಹಾಕುವಳು, ಕೈನೋವಿರಬೇಕು. ಕೆಂಪು ಕೊಳವೆಯ ಹತ್ತಿರ ಎಡಕ್ಕೆ, ಸುಟ್ಟ ಹಾಲಿನ ವಾಸನೆ ಬಂದಲ್ಲಿ ಬಲಕ್ಕೆ. ಅವಳು ಒಮ್ಮೆಯೂ ದಾರಿ ತಪ್ಪಲಿಲ್ಲ.

ಹಾಗೆ ಹೋಗಿ ಹೋಗಿ ಇಸ್ತ್ರಿಯವಳ ಓಣಿ ಸಿಕ್ಕಿತು. ತೆರೆದ ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಭಾರಿ ಕಬ್ಬಿಣದ ಇಸ್ತ್ರಿಪೆಟ್ಟಿಗೆ. ಅದರ ತಳ ಸವೆದು ಸವೆದು ಕನ್ನಡಿಯಂತೆ ನುಣ್ಣಗಾಗಿತ್ತು. ಹಿಂದೆ ಇಸ್ತ್ರಿಯವಳು, ಗಿರಕಿಯದೇ ವಯಸ್ಸು, ಅವಳದೇ ಥರ ಊದಿದ ಪಾದ. ಮೊದಲು ನಾಲ್ಕು ದಿನ ನೋಡಿದಳು. ಆಮೇಲೆ ಒಂದು ದಿನ ಒಳಗಿಂದ ಸ್ಟೂಲು ತಂದು ಬಾಗಿಲ ಪಕ್ಕ ಇಟ್ಟು, ಅಂಗೈಯಿಂದ ಅದರ ಮೇಲೆ ಎರಡು ಸಲ ತಟ್ಟಿದಳು. ಗಿರಕಿ ಕೂತಳು. ಕೂತ ಮೇಲೆ ಅನ್ನಿಸಿತು, ಯಾರಾದರೂ ಕರೆದಾರು ಎಂದು ಕಿವಿ ತೆರೆದಿಟ್ಟುಕೊಳ್ಳದೆ ಕೂತು ಎಷ್ಟು ಕಾಲವಾಯಿತೋ ಎಂದು.

ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಅದರಿಂದ ಏನೂ ಕೊರತೆಯಾಗಲಿಲ್ಲ. "ನಮ್ಮ ತಂಗಿ ಮಹಾರಾಣಿ, ಕಾಫಿ ಲೋಟ ಕುಡಿದಲ್ಲೇ ಬಿಟ್ಟು ಹೋಗ್ತಾಳೆ ನೋಡು" ಎಂದು ಇವಳು ಶುರು ಮಾಡಿದರೆ, ಅವಳು ಪೆಟ್ಟಿಗೆ ಒತ್ತುತ್ತ ತನ್ನ ಭಾಷೆಯಲ್ಲಿ ಯಾರನ್ನೋ ಉದ್ದಕ್ಕೂ ಬೈಯುವಳು. ಗಂಡನನ್ನೋ, ಸೊಸೆಯನ್ನೋ. ಬೈಗುಳದ ರಾಗ ಮಾತ್ರ ಒಂದೇ. ಕೊನೆಗೆ ಇಬ್ಬರೂ ನಗುವರು.

ಇದು ಕೆಟ್ಟದ್ದು ಗಿರಕಿಯ ಬಾಯಿಂದಲೇ. ಒಂದು ರಾತ್ರಿ ತಂಗಿಯ ಗೆಳತಿ ಊಟಕ್ಕೆ ಬಂದಿದ್ದಳು. ಈ ಊರಿನ ಹಳೆಯ ಭಾಗದ ಓಣಿಗಳನ್ನು ನೋಡಲು ಹೋಗಿ, ಕೈಯಲ್ಲಿ ನಕ್ಷೆ ಹಿಡಿದೇ ಒಂದು ಕೆಂಪು ಕೊಳವೆಯ ಹತ್ತಿರ ದಾರಿ ತಪ್ಪಿಸಿಕೊಂಡ ಕಥೆ ಹೇಳುತ್ತಿದ್ದಳು.

"ಬಿಡೇ, ನೀನೇ ವಾಸಿ," ಎಂದಳು ತಂಗಿ. "ನಮ್ಮಕ್ಕನ್ನ ಬಿಟ್ರೆ ಅಡುಗೆಮನೆಯಿಂದ ಬಚ್ಚಲಿಗೂ ದಾರಿ ತಪ್ಪಿಸ್ಕೋತಾಳೆ."

ಎಲ್ಲರೂ ನಕ್ಕರು. ಬಡಿಸುತ್ತಿದ್ದ ಗಿರಕಿಗೆ ಎಲ್ಲಿ ಚುಚ್ಚಿತೋ ಏನೋ, ಸೌಟು ಹಿಡಿದೇ ಹೇಳಿದಳು. "ಆ ಕೆಂಪು ಕೊಳವೆ ಹತ್ರ ಎಡಕ್ಕೆ ತಿರುಗಬೇಕಿತ್ತಮ್ಮ. ನೇರ ಹೋದ್ರೆ ಗೋಡೆನೇ. ಇಸ್ತ್ರಿ ಮಾಡೋಳ ಬಾಗಿಲು ದಾಟಿದ್ರೆ ದೊಡ್ಡ ರಸ್ತೆಗೇ ಬರ್ತಿದ್ರಿ."

ಗೆಳತಿ ಚಪ್ಪಾಳೆ ತಟ್ಟಿದಳು. ತಂಗಿಯ ಗಂಡ ತಟ್ಟೆಯಿಂದ ತಲೆ ಎತ್ತಿ, "ಅತ್ತಿಗೆ ಪರವಾಗಿಲ್ವೇ" ಎಂದು ಮತ್ತೆ ತಲೆ ತಗ್ಗಿಸಿದ. ತಂಗಿ ನಕ್ಕಳು. ಅವಳ ಹಲ್ಲು ಮಾತ್ರ ನಕ್ಕವು.

ಗೆಳತಿ ಹೋದ ಮೇಲೆ ತಂಗಿ ಅಡುಗೆಮನೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಇಷ್ಟು ಚೆನ್ನಾಗಿ ಊರು ಗೊತ್ತಿದ್ದೂ ಸುಮ್ನೆ ಇದ್ದೆಯಲ್ಲಕ್ಕಾ. ಓಡಾಡು, ಯಾರು ಬೇಡ ಅಂದ್ರು? ಹೋಗೋಳು ಬರಿಗೈಲಿ ಯಾಕೆ ಹೋಗ್ಬೇಕು? ಇವರ ಶರ್ಟುಗಳನ್ನ ಆ ಇಸ್ತ್ರಿಯವಳಿಗೆ ಕೊಟ್ಟು ಬಾ. ಚಪ್ಪಲಿ ಹೊಲಿಯೋನು ಇದಾನಾ ಆ ಕಡೆ? ಮಾತ್ರೆ ಅಂಗಡಿ?" ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಆದ್ರೆ ಒಂದು ಮಾತು. ನಿನ್ನ ತಿರುಗಾಟದಿಂದ ಮನೇಲಿ ಒಂದು ಕೆಲಸ ಕೆಟ್ರೂ ಕೀಲಿಕೈ ನನ್ನ ಹತ್ರ ಬರುತ್ತೆ."

ಹೀಗೆ ಒಂದೊಂದೇ ಓಣಿ ಕೈಬಿಟ್ಟಿತು. ಸುಟ್ಟ ಹಾಲಿನ ಓಣಿ ಮಾತ್ರೆಯ ಓಣಿಯಾಯಿತು. ಹಸಿರು ಕಿಟಕಿಯ ಓಣಿ ಚಪ್ಪಲಿಯ ಓಣಿಯಾಯಿತು. ಗಿರಕಿ ಈಗ ಓಡುತ್ತಿದ್ದಳು. ಯಾರ ಮನೆಯ ಹಗ್ಗದಲ್ಲಿ ಏನು ಒಣಗುತ್ತಿದೆ ಎಂದು ತಲೆ ಎತ್ತಿ ನೋಡಲೂ ಆಗುತ್ತಿರಲಿಲ್ಲ.

ಉಳಿದದ್ದು ಸ್ಟೂಲು ಒಂದೇ. ಅಲ್ಲಿಗೂ ಶರ್ಟಿನ ಗಂಟು ಬಂತು. ಗಂಟು ನೋಡಿದ್ದೇ ಇಸ್ತ್ರಿಯವಳು ಮೇಜಿನ ಹಿಂದೆ ಹೋಗಿ ನಿಲ್ಲುವಳು. ಮೊದಲಾದರೆ ಗಿರಕಿ ಬಂದಾಗ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಈಗ ತಂಗಿಯ ಗಂಡನ ಶರ್ಟುಗಳು ಇಬ್ಬರ ನಡುವೆ ಬಂದು ಕೂತವು.

ಗಿರಕಿ ಅದಕ್ಕೊಂದು ಉಪಾಯ ಹೂಡಿದಳು. ನಸುಕಿನಲ್ಲೇ ಎದ್ದು, ಎಲ್ಲರೂ ಮಲಗಿರುವಾಗ, ಗಂಟಿನ ಅರ್ಧ ಶರ್ಟುಗಳನ್ನು ಮನೆಯ ಇಸ್ತ್ರಿಪೆಟ್ಟಿಗೆಯಿಂದ ತಾನೇ ತೀಡಿ ಮುಚ್ಚಿಟ್ಟು, ಇಸ್ತ್ರಿಯವಳಿಂದ ಬಂದ ಗಂಟಿಗೆ ಸೇರಿಸುವಳು. ಪೂರ್ತಿ ಗಂಟಿನ ಕೂಲಿಯನ್ನು ಇಸ್ತ್ರಿಯವಳಿಗೇ ಕೊಡುವಳು. ಅರ್ಧ ಗಂಟು ಕಡಿಮೆಯಾದಷ್ಟು ಹೊತ್ತು ಅವಳು ಬಂದು ಹೊಸ್ತಿಲ ಮೇಲೆ ಕೂತಾಳು ಎಂದು. ಕೂತಳು ಕೂಡ. ಇಬ್ಬರ ಬೈಗುಳವೂ ಮತ್ತೆ ಶುರುವಾಯಿತು. ದಿನಾ ಕೂರಲು ಸಿಗಲಿ ಎಂದು ದಿನಾ ಇನ್ನೊಂದು ಕೆಲಸವನ್ನು ಮೈಮೇಲೆ ಹಾಕಿಕೊಂಡವಳು ಅವಳೊಬ್ಬಳೇ ಇದ್ದಾಳು.

ಒಂದು ನಸುಕಿನಲ್ಲಿ, ನಿಂತಲ್ಲೇ ಕಣ್ಣು ಮುಚ್ಚಿತು. ಕಮರು ವಾಸನೆಗೆ ಎಚ್ಚರಾಗಿ ಪೆಟ್ಟಿಗೆ ಎತ್ತುವಷ್ಟರಲ್ಲಿ ಬಿಳಿ ಶರ್ಟಿನ ಬೆನ್ನ ಮೇಲೆ ಕಂದು ಗುರುತು ಬಿದ್ದಿತ್ತು. ಅದನ್ನೂ ಗಂಟಿನ ತಳಕ್ಕೆ ಸೇರಿಸಿ ಮುಚ್ಚಿಟ್ಟಳು. ಸಂಜೆ ತಂಗಿ ಗಂಟು ಬಿಚ್ಚಿದಾಗ ಅದೇ ಮೇಲೆ ಬಂತು.

ತಂಗಿ ಶರ್ಟನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು. "ಅವಳು ಸುಟ್ಳಾ ಅಕ್ಕಾ?"

ಗಿರಕಿಯ ಕಣ್ಣು ಮೊಳೆಗೆ ತೂಗುಹಾಕಿದ್ದ ಕೀಲಿಕೈಯ ಮೇಲಿತ್ತು. ತಲೆ ಮಾತ್ರ ಹೌದೆಂಬಂತೆ ಆಡಿತು.

"ಸರಿ. ನಾಳೆ ನಂಗೆ ರಜಾ. ನಾನೂ ಬರ್ತೀನಿ. ಯಾರವಳು ನೋಡೋಣ."

"ಹೋಗ್ಲಿ ಬಿಡೇ. ಒಂದು ಶರ್ಟಿಗೆ ಯಾಕೆ ಜಗಳ."

"ಶರ್ಟಿನ ಮಾತಲ್ಲ ಅಕ್ಕಾ. ತಪ್ಪು ಮಾಡಿದೋರಿಗೆ ತಪ್ಪು ಅಂತ ಗೊತ್ತಾಗ್ಬೇಕಲ್ಲ."

ಮರುದಿನ ಅಕ್ಕ ಮುಂದೆ, ತಂಗಿ ಹಿಂದೆ. ತನ್ನ ಓಣಿಗೆ ತಾನೇ ದಾರಿ ತೋರಿಸುತ್ತ ನಡೆದಳು ಗಿರಕಿ. ದೂರದಿಂದಲೇ ಅವಳನ್ನು ಕಂಡ ಇಸ್ತ್ರಿಯವಳು ಸ್ಟೂಲನ್ನು ಹೊರಗಿಟ್ಟು ತಟ್ಟಿದಳು. ಹಿಂದೆ ಇನ್ನೊಬ್ಬಳನ್ನು ಕಂಡು, ಒಳಗಿಂದ ಕುರ್ಚಿಯೊಂದನ್ನೂ ತಂದಳು.

ತಂಗಿ ಕೂರಲಿಲ್ಲ. ಶರ್ಟನ್ನು ಮೇಜಿನ ಮೇಲೆ ಹರವಿ ಆ ಊರಿನ ಭಾಷೆಯಲ್ಲಿ ಶುರು ಮಾಡಿದಳು. ದನಿ ಏರಿದಂತೆ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಒದ್ದೆ ಬಟ್ಟೆ ಹಿಡಿದ ಹೆಂಗಸರು ಬಗ್ಗಿ ನೋಡಿದರು. ಗಿರಕಿಗೆ ಅವರೆಲ್ಲರ ಬಟ್ಟೆ ಗೊತ್ತಿತ್ತು. ಮುಖಗಳನ್ನು ನೋಡಿದ್ದು ಇದೇ ಮೊದಲು.

ಇಸ್ತ್ರಿಯವಳು ಶರ್ಟನ್ನು ಹತ್ತಿರ ಎಳೆದುಕೊಂಡಳು. ಕಂದು ಗುರುತಿನ ಒಳಗೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಸಾಲಾಗಿ ಉಳಿದಿದ್ದವು. ತಳದ ತುಂಬ ತೂತಿರುವ, ಆವಿ ಉಗುಳುವ ಮನೆಯ ಪೆಟ್ಟಿಗೆಯ ಗುರುತು ಅದು. ಅವಳು ತನ್ನ ನುಣ್ಣನೆಯ ಪೆಟ್ಟಿಗೆಯನ್ನು ಎತ್ತಿ, ಗುರುತಿನ ಮೇಲೆ ಹಿಡಿದು, ಮತ್ತೆ ಪಕ್ಕಕ್ಕಿಟ್ಟಳು. ಗಿರಕಿಯನ್ನು ನೋಡಿದಳು.

ಗಿರಕಿ ನೆಲ ನೋಡಿದಳು.

ಇಸ್ತ್ರಿಯವಳು ತಂಗಿಯ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಎರಡು ಮಾತು ಹೇಳಿದಳು. ತಪ್ಪು ತನ್ನದೇ ಎಂದು. ಶರ್ಟನ್ನು ನಾಲ್ಕು ಮೂಲೆ ಕೂಡಿಸಿ ಮಡಿಸಿ ಗಿರಕಿಯ ಕೈಗೆ ಕೊಟ್ಟಳು. ಆಮೇಲೆ ಕುರ್ಚಿಯನ್ನು ಒಳಗಿಟ್ಟಳು. ಮತ್ತೆ ಬಂದು ಸ್ಟೂಲನ್ನೂ ಎತ್ತಿಕೊಂಡು ಹೋದಳು. ಬಾಗಿಲ ಒಂದು ಕದ ಮುಂದಕ್ಕೆ ಬಂತು.

ವಾಪಸ್ಸು ಬರುವಾಗ ತಂಗಿ ಅಕ್ಕನ ತೋಳು ಹಿಡಿದುಕೊಂಡಿದ್ದಳು, ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗುವಾಗ ಹಿಡಿಯುತ್ತಿದ್ದ ಹಾಗೆ.

"ನಿನ್ನೆ ದೀಪಕ್ಕೆ ಹಿಡಿದಾಗ್ಲೇ ನೋಡ್ದೆ," ಎಂದಳು. "ನಮ್ಮನೆ ಪೆಟ್ಟಿಗೆ ಗುರುತು ನಂಗೆ ಗೊತ್ತಾಗಲ್ವಾ?"

ಗಿರಕಿ ನಿಂತುಬಿಟ್ಟಳು. "ಗೊತ್ತಿದ್ದೂ ಬಂದ್ಯಾ?"

"ನೀನೇ ತಲೆ ಆಡಿಸಿದ್ಯಲ್ಲ. ಅಕ್ಕನ ಮಾತು ತಂಗಿ ನಂಬದೆ ಇನ್ಯಾರು ನಂಬ್ತಾರೆ? ಬಾ ಬಾ, ಸ್ಕೂಲು ಬಿಡೋ ಹೊತ್ತಾಯ್ತು."

ಮಾರನೆಯ ಮಧ್ಯಾಹ್ನ ಪಾತ್ರೆಯಾಯಿತು, ನೆಲವಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ಕೀಲಿಕೈ ಮೊಳೆಯ ಮೇಲೆಯೇ ಇತ್ತು, ತಂಗಿ ಅದನ್ನು ಮುಟ್ಟಿಯೂ ಇರಲಿಲ್ಲ. ಬೆಳಿಗ್ಗೆ ಹೊರಡುವಾಗ, "ತಿರುಗಾಡಿಕೊಂಡು ಬಾ ಅಕ್ಕಾ, ಬೇಜಾರು ಕಳೆಯುತ್ತೆ" ಎಂದೂ ಹೇಳಿ ಹೋಗಿದ್ದಳು.

ಗಿರಕಿ ಎತ್ತಿಟ್ಟ ಸಿಪ್ಪೆಯನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲು ಇಳಿದಳು. ಕಸ ಹಾಕಿದಳು. ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡಳು. ಕಸದ ತೊಟ್ಟಿ ಮೆಟ್ಟಿಲ ಬುಡದಲ್ಲೇ ಇತ್ತು. ಮೊದಲಿನಿಂದಲೂ ಅದು ಅಲ್ಲೇ ಇತ್ತು.