ಎಡಗೈಯ ಬೆಸುಗೆ

ಬಸವ್ವ ಎಡಚಿ. ಚಿಕ್ಕಂದಿನಲ್ಲಿ ಎಡಗೈಯಿಂದ ತುತ್ತು ಎತ್ತಿದರೆ ಅವ್ವ ಸೌಟಿನಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದಳು. ಉಣ್ಣುವುದೊಂದು ಬಲಗೈಗೆ ಬಂತು, ಮಿಕ್ಕ ಕೆಲಸವೆಲ್ಲ ಎಡಗೈಯಲ್ಲೇ ಉಳಿಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ದಾವಣಗೆರೆ ಕಡೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದು, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ರೇಡಿಯೋ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ನಿಂತಾಗ ಆ ಎಡಗೈಯೇ ಅವಳಿಗೆ ಅನ್ನ ಹಾಕಿತು.

ಅಲ್ಲಿ ಒಂದು ಲೈನಿಗೆ ಹನ್ನೆರಡು ಹೆಂಗಸರು. ಹಸಿರು ಬೋರ್ಡಿನ ತೂತುಗಳಲ್ಲಿ ಸಣ್ಣ ಸಣ್ಣ ಸಾಮಾನು ಸಿಕ್ಕಿಸಿ, ಕಾದ ಕಡ್ಡಿಯಿಂದ ಸೀಸ ಕರಗಿಸಿ ಬೆಸೆಯುವುದು ಅವರ ಕೆಲಸ. ಬಲಗೈಯವರ ನಡುವೆ ಎಡಚಿಯನ್ನು ಕೂರಿಸಿದರೆ ಮೊಣಕೈಗೆ ಮೊಣಕೈ ತಾಗಿ ಯಾರಾದರೂ ಸುಟ್ಟುಕೊಳ್ಳುತ್ತಾರೆ ಎಂದು ಸೂಪರ್‌ವೈಸರ್ ಅವಳನ್ನು ಲೈನಿನ ಕೊನೆಗೆ ಹಾಕಿದ. ಕೊನೆಯಲ್ಲಿ ಕೂತವಳ ಮುಂದೆ ಎಲ್ಲರ ಕೆಲಸವೂ ಹಾದು ಹೋಗಬೇಕು. ಹಾಗಾಗಿ ತಪ್ಪು ಹಿಡಿಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ಬೆಸುಗೆ ಕೆಟ್ಟ ಕಡೆ ಕೆಂಪು ಬಾಣದ ಚೀಟಿ ಅಂಟಿಸಿ ಹಿಂದಕ್ಕೆ ತಳ್ಳುವಳು. ಇದು ವಿಮಲಮ್ಮನ ಕೈ, ಇದು ಪಟಾಲಮ್ಮನ ಕೈ ಎಂದು ಬೆಸುಗೆ ನೋಡಿಯೇ ಹೇಳುವಳು.

"ಇವಳ ಕಣ್ಣಿಗೆ ಬಿದ್ರೆ ಮುಗೀತು ಕಣೇ, ದೇವರು ಮಾಡಿದ್ದಕ್ಕೂ ಬಾಣ ಅಂಟಿಸ್ತಾಳೆ" ಎಂದು ವಿಮಲಮ್ಮ ಎದುರಿಗೇ ಆಡಿಕೊಳ್ಳುವಳು.

ಬಸವ್ವನ ಬೆಸುಗೆಗೂ ಒಂದು ಗುರುತಿತ್ತು. ಕಡ್ಡಿ ಎತ್ತುವಾಗ ಕರಗಿದ ಸೀಸಕ್ಕೆ ಕೂದಲೆಳೆಯಷ್ಟು ಬಾಲ ಬರುತ್ತದೆ. ಕಡ್ಡಿ ಯಾವ ಕಡೆಗೆ ಸರಿಯಿತೋ ಬಾಲವೂ ಆ ಕಡೆಗೇ ವಾಲುತ್ತದೆ. ಹನ್ನೊಂದು ಹೆಂಗಸರದು ಬಲಕ್ಕೆ, ಅವಳದೊಂದೇ ಎಡಕ್ಕೆ.

ಫ್ಯಾಕ್ಟರಿ ಮುಚ್ಚಿತು. ಅದಿದ್ದ ಜಾಗದಲ್ಲಿ ಈಗ ಮದುವೆ ಛತ್ರ ಇದೆ. ಬಸವೇಶ್ವರನಗರದ ಮನೆಯಲ್ಲಿ ಗಂಡ ಗಂಗಾಧರಯ್ಯ, ಮಗ, ಸೊಸೆ ರಂಜಿನಿ. ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಕಿಟಕಿಯ ಬದಿಯಲ್ಲಿ ಒಂದು ಹಳೆಯ ಮೇಜು ಹಾಕಿಕೊಂಡು, ಹಾವನೂರು ಸರ್ಕಲ್ಲಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಕೊಟ್ರೇಶನಿಂದ ಬಿಡಿ ಸಾಮಾನು ತರಿಸಿ, ಪುಟ್ಟ ರೇಡಿಯೋಗಳನ್ನು ಮಾಡುತ್ತ ಕೂತಳು. ದುಡ್ಡಿಗಲ್ಲ, ಆಸೆಗೆ.

ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದರು. ಪೊರೆ ಹೋಯಿತು, ಮಂಜು ಹೋಗಲಿಲ್ಲ. ಕಣ್ಣಿನ ಒಳಗಿನ ಪರದೆಯ ನಡುಭಾಗ ಸವೆದುಹೋಗಿದೆ, ಅದಕ್ಕೆ ಮದ್ದಿಲ್ಲ, ಬೇಕಿದ್ದರೆ ಭೂತಗನ್ನಡಿ ಹಿಡಿದು ಎಷ್ಟು ಕಾಣುತ್ತೋ ಅಷ್ಟು ನೋಡಿಕೊಳ್ಳಿ ಎಂದರು ಡಾಕ್ಟರು. ಬಸವ್ವ ಅದರಲ್ಲಿ ಕೇಳಿಸಿಕೊಂಡದ್ದು ಭೂತಗನ್ನಡಿಯ ಮಾತೊಂದನ್ನೇ.

ಕಣ್ಣು ಎಷ್ಟು ಹೋಗಿದೆ ಎಂಬ ಲೆಕ್ಕ ಅವಳೊಬ್ಬಳಿಗೇ ಗೊತ್ತಿತ್ತು. ದಿನಾ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿ ನೆಡುವಾಗ ಆ ಕಪ್ಪು ಹೊಳಪಿನ ಮೇಲೆ ದೀಪದ ಚುಕ್ಕಿಯೊಂದು ಕೂತಿರುತ್ತಿತ್ತು. ಅರವತ್ತು ವರ್ಷದಿಂದ ನೋಡಿದ ಚುಕ್ಕಿ. ಈಗ ನೇರ ನೋಡಿದರೆ ಚುಕ್ಕಿ ಇಲ್ಲ, ಲಿಂಗದ ನಡುಭಾಗವೇ ಇಲ್ಲ. ದಿಟ್ಟಿಯನ್ನು ಹೆಬ್ಬೆರಳ ಕಡೆಗೆ ಜಾರಿಸಿದರೆ ಮೆಲ್ಲಗೆ ಬಂದು ಕೂರುತ್ತದೆ. ಶಿವನನ್ನು ಓರೆಗಣ್ಣಿನಿಂದ ನೋಡುವ ಗತಿ ಬಂತಲ್ಲಾ ಎಂದುಕೊಂಡಳೇ ಹೊರತು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರಲು ಕಾರಣವಿತ್ತು. ಕೈ ಸೋತಿರಲಿಲ್ಲ. ಆಪರೇಷನ್ ಆದ ಮೇಲೆ ಮಾಡಿದ ಮೊದಲ ರೇಡಿಯೋ ಅಡುಗೆಮನೆಯ ಗೂಡಿನಲ್ಲಿ ಕೂತು ದಿನಾ ಹಾಡುತ್ತಿತ್ತು. ಆ ಧೈರ್ಯದ ಮೇಲೆ ಲೈನಿನ ಒಬ್ಬೊಬ್ಬಳಿಗೂ ಒಂದೊಂದು ಮಾಡಿಕೊಡುವುದೆಂದು ಹೊರಟಳು. ಆರು ಮಾಡಿ ಕೊಟ್ಟಿದ್ದಳು, ಆರೂ ಹಾಡುತ್ತಿದ್ದವು. ಮಧ್ಯಾಹ್ನ ಬೆಸೆದದ್ದನ್ನು ಡಬ್ಬಿಯಲ್ಲಿಟ್ಟು, ಮಾರನೆಯ ದಿನ ಪೂಜೆ ಮುಗಿದ ಮೇಲೆಯೇ ಬ್ಯಾಟರಿ ಹಾಕುವುದು ಅವಳ ರೂಢಿ. ಹಾಕಿದ ಕೂಡಲೇ ಹಾಡು ಬರುವುದು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಿದೆ ಎಂದು ಅವಳು ಒಳಗೊಳಗೇ ಬೀಗಿದಳು.

ಏಳನೆಯದು ವಿಮಲಮ್ಮನದು. ಹಳೆಯ ಸಾಮಾನು ಬರುವುದು ನಿಂತುಹೋಗಿದೆ ಎಂದು ಕೊಟ್ರೇಶ ಈ ಸಲ ಹೊಸಾ ಬಗೆಯದನ್ನು ಕೊಟ್ಟಿದ್ದ. ಗಸಗಸೆಯಂಥ ಸಾಮಾನು, ಉಸಿರು ಬಿಟ್ಟರೆ ಹಾರಿಹೋಗುವಂಥದ್ದು. ಇದಕ್ಕೆ ಸರಿಯಾದ ಗಾಜು ಸಿಕ್ಕಿದರೆ ಕೈ ಉಳಿದ ಹಾಗೆ, ಇಲ್ಲದಿದ್ದರೆ ಆ ಮೇಜು ಎತ್ತಿಬಿಡಬೇಕು. ಇಷ್ಟು ಅವಳಿಗೆ ಸ್ಪಷ್ಟವಿತ್ತು.

ಮೊದಲು ರಂಜಿನಿ ಫೋನಿನಲ್ಲಿ ಆರ್ಡರ್ ಮಾಡಿ ತಲೆಗೆ ಕಟ್ಟುವ ಭೂತಗನ್ನಡಿ ತರಿಸಿಕೊಟ್ಟಳು. ಹಣೆಪಟ್ಟಿ, ಮೇಲೊಂದು ಲೈಟು, ಬದಲಾಯಿಸಲು ಐದು ಗಾಜು. ಬಸವ್ವ ಐದರಲ್ಲಿ ದೊಡ್ಡ ನಂಬರನ್ನೇ ಸಿಕ್ಕಿಸಿದಳು. ಪಟ್ಟಿ ಬೆವರಿಗೆ ಜಾರಿ ಮೂಗಿನ ಮೇಲೆ ಬಂತು. ಲೈಟು ಸೀಸದ ಮೇಲೆ ಬಿದ್ದು ಕಣ್ಣು ಕುಕ್ಕಿತು. ನಂಬರ್ ಸಾಲದು ಎಂದುಕೊಂಡು ವಾಚ್ ರಿಪೇರಿಯ ಪುರುಷೋತ್ತಮನ ಹತ್ತಿರ ಹತ್ತು ಪಟ್ಟು ತೋರಿಸುವ ಬಟ್ಟಲಿನಂಥ ಗಾಜನ್ನು ಎರವಲು ತಂದಳು. ಅದನ್ನು ಕಣ್ಣಿಗೆ ಒತ್ತಿಕೊಂಡರೆ ಬೋರ್ಡು ಎರಡು ಬೆರಳಿನಷ್ಟು ಹತ್ತಿರ ಬರಬೇಕು. ನಡುವೆ ಕಾದ ಕಡ್ಡಿಗೆ ಜಾಗವೆಲ್ಲಿ? ಮುಂಗೂದಲು ಚುರ್ರೆಂದಿತು.

ರಂಜಿನಿ ಅಡುಗೆಮನೆಯಿಂದ ಓಡಿ ಬಂದಳು. "ಅತ್ತೆ, ಏನ್ ಸುಡ್ತಾ ಇದೀರಾ?"

"ನನ್ನನ್ನೇ ಕಣಮ್ಮ. ಒಗ್ಗರಣೆ ನೋಡ್ಕೋ ಹೋಗು."

ಸೋತು, ಗಂಡನನ್ನು ಕರೆದುಕೊಂಡು ಕೊಟ್ರೇಶನ ಅಂಗಡಿಗೇ ಹೋದಳು. ಕೊಟ್ರೇಶ ಸ್ಟೂಲು ಒರೆಸಿ ಕೂರಿಸಿದ.

"ಅಮ್ಮಾ, ಹತ್ತು ಪಟ್ಟು ಯಾಕೆ ಬೇಕು ನಿಮಗೆ? ನಂಬರ್ ಏರಿದಷ್ಟೂ ಮೂಗು ಹತ್ತಿರ ಹೋಗ್ಬೇಕು, ಕಾಣೋ ಜಾಗಾನೂ ಚಿಕ್ಕದಾಗುತ್ತೆ. ಕಡ್ಡಿ ಆಡ್ಸೋಕೆ ಒಂದು ಗೇಣಾದ್ರೂ ಬೇಕಲ್ಲ? ಎರಡೂವರೆ ಸಾಕು. ಕನ್ನಡಕಕ್ಕೇ ಸಿಕ್ಕಿಸೋದು ಬಂದಿದೆ, ಹಗುರ. ನೋಡಿ."

"ನಾನೂ ಅದನ್ನೇ ಹೇಳ್ತಿದ್ದೆ" ಎಂದ ಗಂಗಾಧರಯ್ಯ.

"ನೀವು ಯಾವಾಗ್ರೀ ಹೇಳಿದ್ರಿ? ಮೂವತ್ತು ವರ್ಷ ಬಸ್ಸಲ್ಲಿ ರೈಟ್ ರೈಟ್ ಅಂದಿದ್ದು ಬಿಟ್ರೆ ನಿಮಗೇನು ಗೊತ್ತು?"

ಕೊಟ್ರೇಶ ನಕ್ಕು, ನೋಡುವುದಕ್ಕೆಂದು ಒಂದು ಹೊಸಾ ಬೋರ್ಡು ಮುಂದಿಟ್ಟ. ಬಸವ್ವ ಅದನ್ನು ಪಕ್ಕಕ್ಕೆ ಸರಿಸಿದಳು. ಅಳೆಯುವ ಸಾಮಾನನ್ನು ಪರೀಕ್ಷೆ ಮಾಡುವಾಗ ನಮಗೆ ಚೆನ್ನಾಗಿ ಗೊತ್ತಿರುವ ಬೋರ್ಡನ್ನೇ ಇಡಬೇಕು. ಗೊತ್ತಿಲ್ಲದ್ದರ ಮೇಲೆ ನೋಡಿದರೆ ತಪ್ಪು ಗಾಜಿನದೋ ಬೋರ್ಡಿನದೋ ತಿಳಿಯುವುದಿಲ್ಲ. ಇದು ಫ್ಯಾಕ್ಟರಿಯಲ್ಲಿ ಕಲಿತದ್ದು. ಅವಳು ಚೀಲದಿಂದ ಅಡುಗೆಮನೆಯ ರೇಡಿಯೋ ತೆಗೆದಳು.

ಗಂಗಾಧರಯ್ಯನ ಮುಖ ಬಾಡಿತು. "ಅದನ್ಯಾಕೆ ತಂದೆ? ಹಾಡೋದನ್ನ ಬಿಚ್ಚಬೇಡ ಕಣೇ."

"ಬೇಡಿ ಅಮ್ಮಾ, ಇದರಲ್ಲೇ ನೋಡಿ" ಎಂದು ಕೊಟ್ರೇಶನೂ ಕೈ ಚಾಚಿದ.

"ನನ್ನ ಕೈ ನನಗೆ ಗೊತ್ತಿರುತ್ತೆ ಕಣಪ್ಪ, ಸುಮ್ನಿರು" ಎಂದು ಅವಳೇ ಸ್ಕ್ರೂ ಬಿಚ್ಚಿದಳು.

ಗಾಜು ಸಿಕ್ಕಿಸಿಕೊಂಡು, ಕೋಳಿ ನೋಡುವ ಹಾಗೆ ಕತ್ತನ್ನು ಒಂದಿಷ್ಟು ಓರೆ ಮಾಡಿದಳು. ಕಂಡಿತು. ಎರಡು ವರ್ಷದಲ್ಲಿ ಮೊದಲ ಸಲ ಬೆಸುಗೆಯ ಗುಡ್ಡೆಗಳು ಒಂದೊಂದಾಗಿ, ಪುಟ್ಟ ಪುಟ್ಟ ಗೋಪುರದ ಹಾಗೆ ಎದ್ದು ನಿಂತವು. "ಅಯ್ಯೋ ಶಿವನೇ, ಕಾಣ್ತಾ ಇದೆ ಕಣ್ರೀ" ಎಂದಳು.

ಆಮೇಲೆ ಬಾಲಗಳನ್ನು ನೋಡಿದಳು.

ಮೊದಲ ಬೆಸುಗೆಯ ಬಾಲ ಬಲಕ್ಕೆ ವಾಲಿತ್ತು. ಬೋರ್ಡನ್ನು ತಲೆಕೆಳಗಾಗಿ ಹಿಡಿದಿದ್ದೇನೋ ಎಂದು ತಿರುಗಿಸಿ ನೋಡಿದಳು, ಅಲ್ಲ. ಎರಡನೆಯದೂ ಬಲಕ್ಕೆ, ಮೂರನೆಯದೂ ಬಲಕ್ಕೆ. ಒಂದೊಂದನ್ನೂ ಉಗುರಿನ ತುದಿಯಿಂದ ಮುಟ್ಟುತ್ತ ಬೋರ್ಡಿನ ಕೊನೆಯವರೆಗೂ ಹೋದಳು. ಎಡಕ್ಕೆ ವಾಲಿದ್ದು ಒಂದೂ ಇರಲಿಲ್ಲ. ಸೀಸದ ಅಂಚಿನಲ್ಲಿ, ಹಳೆಯ ಬೆಸುಗೆಯನ್ನು ಕರಗಿಸಿ ಹೀರಿ ತೆಗೆದ ಕಲೆ ಮಾತ್ರ ಅಲ್ಲಲ್ಲಿ ಉಳಿದಿತ್ತು.

ಕೌಂಟರಿನ ಮೇಲೆ ಯಾರದೋ ಟಿವಿ ಬಿಚ್ಚಿಟ್ಟಿತ್ತು. "ಆ ಬೋರ್ಡ್ ಕೊಡಪ್ಪ ಇಲ್ಲಿ."

ಕೊಟ್ರೇಶ ಕೊಡದೆ ನಿಂತ. ಅವಳೇ ಎಳೆದುಕೊಂಡು ಪಕ್ಕದಲ್ಲಿಟ್ಟು ನೋಡಿದಳು. ಅದೇ ದಪ್ಪ, ಅದೇ ಬಾಲ, ಅದೇ ಅವಸರದ ಕೈ.

"ಇದನ್ನ ಮಾಡಿದ್ದು ಯಾರು?"

"ನಾನೇ ಅಮ್ಮಾ."

"ಇದನ್ನ?" ಎಂದು ರೇಡಿಯೋ ಎತ್ತಿ ತೋರಿಸಿದಳು.

ಕೊಟ್ರೇಶ ಗಂಗಾಧರಯ್ಯನ ಕಡೆ ನೋಡಿದ. ಗಂಗಾಧರಯ್ಯ ರಸ್ತೆಯ ಕಡೆ ನೋಡಿದ. ಕೊನೆಗೆ ಅವನೇ ಬಾಯಿ ಬಿಟ್ಟ. "ಅವತ್ತು ನೀನು ಒಳಗಿದ್ದಾಗ ಬ್ಯಾಟರಿ ಹಾಕಿ ನೋಡ್ದೆ ಬಸವ್ವ. ಗುಂಯ್ ಅಂತಾನೂ ಅನ್ಲಿಲ್ಲ. ಆಸ್ಪತ್ರೆಯಿಂದ ಬಂದು ಒಂದು ತಿಂಗಳಾಗಿತ್ತು ಅಷ್ಟೇ. ನಿನ್ನ ಮುಖ ನೆನೆಸ್ಕೊಂಡು… ಸಂಜೆ ವಾಕಿಂಗ್ ಅಂತ ಇಲ್ಲಿಗೆ ತಂದೆ."

"ಆಮೇಲಿನ ಆರು?"

"ಅವೂ."

"ಆರೂನಾ?"

"ಸಾಮಾನು ಸಿಕ್ಕಿಸಿದ್ದೆಲ್ಲ ನೀವೇ ಅಮ್ಮಾ" ಎಂದ ಕೊಟ್ರೇಶ ಆತುರವಾಗಿ. "ಬೆಸುಗೆ ಮಾತ್ರ—"

"ಬೆಸುಗೆ ಮಾತ್ರ" ಎಂದಳು ಅವಳೂ. ಬೈಯಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಹಾಕಿ ಬಿಗಿದಳು. "ಗಾಜು ಚೆನ್ನಾಗಿದೆ. ಇದೇ ಇರ್ಲಿ. ದುಡ್ಡು ಕೊಡ್ರೀ ಅವನಿಗೆ."

ಮನೆಗೆ ಬಂದು, ಕಾಫಿಯನ್ನೂ ಕುಡಿಯದೆ ವಿಮಲಮ್ಮನ ಬೋರ್ಡಿನ ಮುಂದೆ ಕೂತಳು. ಗಾಜು ಸುಳ್ಳು ಹೇಳಲಿಲ್ಲ. ಕತ್ತು ಓರೆ ಮಾಡಿದರೆ ಎಲ್ಲ ಕಾಣುತ್ತಿತ್ತು. ಕಡ್ಡಿ ಕಾಯಿಸಿ ಹತ್ತಿರ ತಂದಳು. ಆದರೆ ಕಡ್ಡಿಯ ತುದಿ ಬರಬೇಕಾದ್ದು ನಡುವಿಗೆ, ಮಾಯವಾಗಿದ್ದೂ ನಡುವೇ. ಕಣ್ಣು ಓರೆಯಾದರೆ ಕೈಯೂ ಅದರ ಜೊತೆಗೇ ಓರೆಯಾಗಿ ಪಕ್ಕದ ಸಾಮಾನನ್ನು ಸುಡುತ್ತಿತ್ತು. ಮತ್ತೊಮ್ಮೆ ನೋಡಿದಳು. ಗಾಜು ಬದಲಿಸಿ, ಕಿಟಕಿಯ ಪರದೆ ಸರಿಸಿ, ಮೇಜನ್ನು ತಿರುಗಿಸಿ ನೋಡಿದಳು. ನಾಲ್ಕು ಸಲ ಬೋರ್ಡಿನ ಉದ್ದಕ್ಕೂ ಬೆಸೆದು ನೋಡಿದ ಮೇಲೆ ಸ್ವಿಚ್ಚು ಆರಿಸಿದಳು. ತಪ್ಪು ಹುಡುಕುವುದಕ್ಕೆ ಆ ಗಾಜು ಸಾಕಿತ್ತು. ಕೆಲಸ ಮಾಡುವುದಕ್ಕೆ ಯಾವ ಗಾಜೂ ಸಾಲುತ್ತಿರಲಿಲ್ಲ.

ಗಂಗಾಧರಯ್ಯ ಬಾಗಿಲ ಬಳಿ ಬಂದು ನಿಂತ. "ಕೊಟ್ರೇಶನ ಹತ್ರ…"

"ಬೇಡ."

ಅವನು ಹೋದ ಮೇಲೆ, ಡ್ರಾಯರಿನಿಂದ ಫ್ಯಾಕ್ಟರಿಯ ಕೊನೆಯ ದಿನ ತಂದಿಟ್ಟಿದ್ದ ಕೆಂಪು ಬಾಣಗಳ ಸುರುಳಿ ತೆಗೆದಳು. ಅಂಟು ಅರ್ಧ ಒಣಗಿತ್ತು. ಓರೆಗಣ್ಣಿನಿಂದ ನೋಡಿ, ಕೆಟ್ಟ ಬೆಸುಗೆ ಒಂದೊಂದಕ್ಕೂ ಒಂದೊಂದು ಬಾಣ ಅಂಟಿಸುತ್ತ ಹೋದಳು. ಬೋರ್ಡಿನ ಹಸಿರು ಕಾಣದಷ್ಟು ಬಾಣ ತುಂಬಿದವು. ಡಬ್ಬಿಗೆ ಹಾಕಿ ಮುಚ್ಚಿದಳು. ಕಡ್ಡಿಯ ವೈರನ್ನು ಸುತ್ತಿ, ಗಾಜನ್ನು ಬಟ್ಟೆಯಲ್ಲಿ ಕಟ್ಟಿ ಅದರ ಮೇಲಿಟ್ಟಳು. ಅಡುಗೆಮನೆಯಲ್ಲಿ ರಂಜಿನಿ ರೇಡಿಯೋ ಹಾಕಿದ್ದಳು. ಯಾವ ಕರಕರವೂ ಇಲ್ಲದೆ ನೆಟ್ಟಗೆ ಹಾಡುತ್ತಿತ್ತು.

ಮಾರನೆಯ ಬೆಳಿಗ್ಗೆ ಪೂಜೆಗೆ ಕೂತಾಗ ಅವಳು ದೀಪದ ಚುಕ್ಕಿಯನ್ನು ಹುಡುಕಲಿಲ್ಲ. ಲಿಂಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದು ಎದ್ದಳು.

ಹತ್ತು ಗಂಟೆಗೆ ವಿಮಲಮ್ಮನ ಫೋನು ಬಂತು. "ಏನೇ ಬಸವ್ವ, ಆರು ಜನಕ್ಕೆ ಕೊಟ್ಟೆ, ನನ್ನ ರೇಡಿಯೋ ಎಲ್ಲಿ?"

"ಕೊಡಲ್ಲ ಕಣೇ. ಪಾಸಾಗ್ಲಿಲ್ಲ."

"ಈಗಲೂ ಬಾಣ ಅಂಟಿಸ್ತೀಯೇನೇ ಪಾಪಿ! ಯಾರ ಕೈದು ಅದು?"

"ನಂದೇ" ಎಂದಳು ಬಸವ್ವ.

ವಿಮಲಮ್ಮ ತಮಾಷೆ ಎಂದುಕೊಂಡು ನಕ್ಕಳು. ಆ ನಗು ಮುಗಿಯುವವರೆಗೂ ಬಸವ್ವ ಫೋನನ್ನು ಕಿವಿಗಿಟ್ಟುಕೊಂಡೇ ಇದ್ದಳು.