ಮುಚ್ಚಿದ ಗೇಟಿನ ಮುಂದೆ ನಿಂತ ಲಾರಿ

ಚಾಮರಾಜನಗರದಲ್ಲಿ ಪಾಠ ಹೇಳಿಕೊಂಡಿರುವ ನಾನು ರಜಾದಿನಗಳಲ್ಲಿ ಒಬ್ಬನೇ ಕುಳಿತು ಒಂದು ಮೊಬೈಲ್ ಆಟವನ್ನು ಕಟ್ಟಿದೆ. ಗುಂಡ್ಲುಪೇಟೆಯಲ್ಲಿ ತರಕಾರಿ ತುಂಬಿಕೊಂಡ ಲಾರಿಯೊಂದು, ರಾತ್ರಿ ಸಂಚಾರ ನಿಲ್ಲುವ ಮೊದಲು ಬಂಡೀಪುರದ ಗೇಟು ದಾಟಬೇಕು. ದಾರಿಯಲ್ಲಿ ದನ, ಕುರಿ. ಗೇಟಿನಾಚೆ ಜಿಂಕೆ, ಆನೆ. ಯಾವುದಕ್ಕೂ ತೊಂದರೆಯಾಗದಂತೆ ಸಾಗಬೇಕು. ಉಪದೇಶಕ್ಕೆ ಕಿವಿಗೊಡದವರೂ ಆಟದ ಮೂಲಕ ಸಂಯಮ ಕಲಿತಾರು ಎಂದು ನಾನು ಮನಸಾರೆ ನಂಬಿದ್ದೆ.

ಆ್ಯಪ್ ಸ್ಟೋರಿನಲ್ಲಿ ಅದನ್ನು ಎಲ್ಲರಿಗೂ ತೆರೆಯಲು ಒಂದು ಷರತ್ತಿತ್ತು. ಬೇರೆ ಹನ್ನೆರಡು ಮಂದಿ ಎರಡು ವಾರ ಎಡೆಬಿಡದೆ ಆಟವನ್ನು ತಮ್ಮ ಫೋನಿನಲ್ಲಿಟ್ಟುಕೊಂಡು ಪರೀಕ್ಷಿಸಬೇಕು. ಒಬ್ಬರು ಕಡಿಮೆಯಾದರೂ ದಿನಗಳ ಎಣಿಕೆ ಮೊದಲಿನಿಂದ. ಹನ್ನೊಂದು ಮಂದಿ ಸಹೋದ್ಯೋಗಿಗಳು ಒಪ್ಪಿದರು. ಹನ್ನೆರಡನೆಯವರು ನಿಜವಾಗಿ ಲಾರಿ ಓಡಿಸುವವರೇ ಆಗಿರಲೆಂದು, ಕೇರಳಕ್ಕೆ ತರಕಾರಿ ಸಾಗಿಸುವ ಉಡಿಗಾಲದ ಚಾಲಕರೊಬ್ಬರನ್ನು ಕೇಳಿಕೊಂಡೆ.

ಒಂಬತ್ತನೆಯ ದಿನ ನನ್ನ ಪರದೆಯಲ್ಲಿ ಹನ್ನೆರಡು ಹನ್ನೊಂದಾಗಿತ್ತು; ಇಲ್ಲದಿದ್ದವರು ಆ ಚಾಲಕರು. ಅವರ ಜಾಗಕ್ಕೆ ಇನ್ನೊಬ್ಬ ಸಹೋದ್ಯೋಗಿ ಸಿಗುತ್ತಿದ್ದರು. ಆದರೆ ಅವರೇಕೆ ಆಟವನ್ನು ತೆಗೆದರೆಂಬುದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಗುಂಡ್ಲುಪೇಟೆಯ ಮಾರುಕಟ್ಟೆಗೆ ಹೋದೆ. ಅವರ ಲಾರಿಗೆ ಎಲೆಕೋಸಿನ ಮೂಟೆಗಳನ್ನು ತುಂಬುತ್ತಿದ್ದರು.

"ತಗದ್ಬುಟ್ಟೆ ಕಣ್ ಮೇಷ್ಟ್ರೇ," ಎಂದರು ಸಂಕೋಚವಿಲ್ಲದೆ. "ನಿಮ್ ಆಟ ಕೆಟ್ಟೋಗದೆ. ಬೆಳಗೇ ಆಗಲ್ಲ."

ನನಗೆ ಅರ್ಥವಾಗಲಿಲ್ಲ. ಹಗ್ಗ ಬಿಗಿಯುತ್ತಿದ್ದ ಅವರ ಜೊತೆಗಾರ ಚಾಲಕ ನಕ್ಕ. "ಗೇಟ್ ಆಕ್ಬುಟ್ರು ಅಂತ ಫೋನ್ನ ಡ್ಯಾಶ್‌ಬೋರ್ಡ್ ಮ್ಯಾಲೆ ಮಡಗಿ ಕಾಯ್ತಾ ಕೂತಿದ್ರು! ಚಾರ್ಜೆಲ್ಲಾ ಓಯ್ತು."

"ಸುಮ್ಕಿರ್ಲಾ!" ಎಂದು ಅವರು ಗದರಿದರು. "ನೀನು ಆಟ ಆಡ್ವಾಗ ಗೇಟ್ ಆಕ್ಬುಡ್ತಾರೆ ಅಂತ ಕುರಿ ಮ್ಯಾಲೇ ನುಗ್ಸಿದ್ದೆ."

ಸಮಯ ಮೀರಿದೊಡನೆ ಪರದೆ ಕಪ್ಪಾಗಿ, 'ಗೇಟು ಮುಚ್ಚಿದೆ' ಎಂಬ ಸಾಲು ಮೂಡುವಂತೆ ಮಾಡಿದ್ದೆ. ನನ್ನ ಲೆಕ್ಕದಲ್ಲಿ ಅದು ಸೋಲು. ಪ್ರತಿವಾರ ಅದೇ ಗೇಟಿನ ಮುಂದೆ ಗಾಡಿ ನಿಲ್ಲಿಸುವ ಅವರಿಗೆ ಅದು ಬರೀ ರಾತ್ರಿ.

"ಅಲ್ಲ ಮೇಷ್ಟ್ರೇ, ನಿಧಾನಕ್ಕೋಗಿ ಅಂತೀರಿ, ತಲೆ ಮ್ಯಾಲೆ ಗಡಿಯಾರನೂ ಓಡುಸ್ತೀರಿ. ನಾವ್ ಯಾವ್ದ ಕೇಳನ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಇಂಥ ವಿರೋಧಾಭಾಸವನ್ನು ಎತ್ತಿ ತೋರಿಸಿ ನಾನು ಬಹುಮಾನ ಗಳಿಸಿದ್ದೇನೆ. ಈಗ ಅದರ ಬದಲು ಒಂದು ಕುತೂಹಲ ಹುಟ್ಟಿ, ಗೇಟು ಮುಚ್ಚಿದ ಮೇಲೆ ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ.

"ಮೊದ್ಲು ಟಾರ್ಪಾಲ್ ಸಡಿಲ ಮಾಡ್ತೀವಿ. ಗಾಳಿ ಆಡ್ನಿಲ್ಲ ಅಂದ್ರೆ ಸೊಪ್ಪು ಬೆಂದೋಯ್ತದೆ. ಆಮೇಲೆ ಸ್ಟೌ ಅಚ್ಚಿ ಅನ್ನಕ್ಕಿಡದು. ಉಂಡು ಮಲಗದು."

ಮೂಟೆಯ ಮೇಲೆ ಕುಳಿತು ಎಲ್ಲವನ್ನೂ ಬರೆದುಕೊಂಡೆ. ಯಾವ ಸೊಪ್ಪು ಮೊದಲು ಬಾಡುತ್ತದೆ ಎಂಬುದನ್ನೂ ಕೇಳಿದೆ.

ಮುಂದಿನ ಭಾನುವಾರ ಆಟದಿಂದ ಗಡಿಯಾರವನ್ನು ಕಿತ್ತುಹಾಕಿದೆ. ಕತ್ತಲಾಗಿ ಗೇಟು ಮುಚ್ಚಿದರೆ ಲಾರಿ ಪಕ್ಕಕ್ಕೆ ನಿಲ್ಲುತ್ತದೆ, ಟಾರ್ಪಾಲು ಸಡಿಲವಾಗುತ್ತದೆ, ಅನ್ನ ಬೇಯುತ್ತದೆ, ನಿಮಿಷದೊಳಗೆ ಬೆಳಗಾಗುತ್ತದೆ. ಹೊಸ ಆವೃತ್ತಿಯನ್ನು ಆ ಚಾಲಕರ ಫೋನಿಗೆ ಹಾಕಿಸಲು ಮತ್ತೆ ಮಾರುಕಟ್ಟೆಗೆ ಹೋದೆ. ಅವರು ಆಟದಲ್ಲಿ ಬೇಕೆಂದೇ ತಡಮಾಡಿ ಗೇಟು ತಲುಪಿ, ಗಾಡಿ ನಿಲ್ಲಿಸಿ, ಪರದೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಬರೀ ಅನ್ನ. ಸಾರಿಲ್ವ ಮೇಷ್ಟ್ರೇ?"

"ಮಾಡೋಣ. ಆಟ ತೆಗೆಯಬೇಡಿ."

"ಬೆಳಗಾಯ್ತದಲ್ಲ, ಇರ್ಲಿ ಬುಡಿ," ಎಂದು ಫೋನನ್ನು ಜೇಬಿಗಿಳಿಸಿದರು. ನನ್ನ ಪರದೆಯಲ್ಲಿ ಮತ್ತೆ ಹನ್ನೆರಡು ಮಂದಿ; ಎರಡು ವಾರಗಳ ಎಣಿಕೆ ಮತ್ತೆ ಮೊದಲನೆಯ ದಿನದಿಂದ.