ಕಾವಲಿಗೆ ಚಿಗರಿ ತಂದ ದಿನ

ಮೊನ್ನೆ ಹಿರಿಯೂರಿನ ಬಾಡಿಗೆ ಮನೆಯಲ್ಲಿ ದೊಡ್ಡವ್ವ ಟ್ರಂಕು ತೆರೆದು ದೊಡ್ಡಪ್ಪನ ಕರಿಕಂಬಳಿ ಕೊಡವಿದಾಗ ಎದ್ದ ವಾಸನೆ ಕೋಣೆ ತುಂಬಿತು. ಕುರಿಯ ಉಣ್ಣೆ, ನೇಯುವಾಗ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ, ಒಣಹುಲ್ಲಿನ ದೂಳು. ಯಲ್ಲದಕೆರೆಯಾಚೆ ಕಾವಲೆಂಬ ಹುಲ್ಲುಗಾವಲಿನ ಅಂಚಿಗಿದ್ದ ನಮ್ಮ ಕುರಿಗಾಹಿಗಳ ಹಟ್ಟಿಗೆ ಇದೇ ವಾಸನೆಯಿತ್ತು. ತಾಯಿಯಿಲ್ಲದ ನನ್ನನ್ನು ಅವರಿಬ್ಬರು ಸಾಕಿದ್ದು ಅಲ್ಲೇ. ಕುರಿ ಕೂಡುವ ರೊಪ್ಪದೊಳಗಿನ ಮರಿಗಳ ಕೂಗಿಗೆ ನನಗೆ ಬೆಳಗಾಗುತ್ತಿತ್ತು, ಎದ್ದರೆ ಕಾಣುವಷ್ಟು ದೂರವೂ ಹುಲ್ಲು. ನಿಮಗೂ ಅಂಥದೊಂದು ಮನೆಯಿದ್ದು ಈಗ ಇಲ್ಲವಾಗಿದ್ದರೆ, ಹೆಚ್ಚು ಹೇಳಬೇಕಾಗಿಲ್ಲ.

ಆ ಕಾವಲಿನಲ್ಲಿ ನಾನು ಕಂಡದ್ದು ಒಂದೇ ಒಂದು ಹೆಣ್ಣು ಚಿಗರಿ, ಕೃಷ್ಣಮೃಗ. ಉಳಿದವನ್ನೆಲ್ಲ ಕೋವಿ ಹಿಡಿದು ಮೋಟಾರಿನಲ್ಲಿ ಬರುತ್ತಿದ್ದವರು ತಿಂದು ಮುಗಿಸಿದ್ದರು. ಒಂಟಿಯಾದ ಅದು ನಮ್ಮ ಕುರಿಗಳ ಜೊತೆ ಸೇರಿಕೊಂಡಿತು. ಹಗಲೆಲ್ಲ ಅವುಗಳ ಜೊತೆಗೇ ಮೇದು, ಸಂಜೆ ರೊಪ್ಪದ ಬೇಲಿಯ ಹೊರಗೆ ಮೈ ಮುದುಡಿ ಮಲಗುತ್ತಿತ್ತು. ನಾನು ಮುಟ್ಟಲು ಹೋದರೆ ದೊಡ್ಡಪ್ಪ ಗದರುತ್ತಿದ್ದ: "ಅದ್ರ ಪಾಡಿಗೆ ಅದು ಇರ್ಲಿ ಬಿಡವ್ವ."

ಯಾರು ಚಾಡಿ ಹೇಳಿದರೋ, ಜೀಪಿನಲ್ಲಿ ಸರ್ಕಾರದವರು ಬಂದರು. ಚಿಗರಿ ಹಿಡಿದು ಸಾಕಿದ್ದೀಯ ಎಂದು ದೊಡ್ಡಪ್ಪನ ಅಂಗಿ ಹಿಡಿದು ಎಳೆದರು. ಚಿಗರಿಗೆ ಬಲೆ ಹಾಕಿ, ಕಾಲು ಕಟ್ಟಿ, ಜೀಪಿಗೆ ಹತ್ತಿಸಿದ್ದ ಅವನ ಪಾದದ ಬಳಿಯೇ ಕೆಡವಿಕೊಂಡು ಚಿತ್ರದುರ್ಗಕ್ಕೆ ಹೊರಟರು. ಐಮಂಗಲ ದಾಟುವ ಮೊದಲೇ ಅದು ಬೆದರಿ ಸತ್ತಿತು. ಬಿಡುಗಡೆಯಾಗಿ ಬಂದ ದೊಡ್ಡಪ್ಪ ಹೇಳಿದ್ದು ಇಷ್ಟೇ: "ನನ್ನೇ ನೋಡ್ಕಂಡು ಸತ್ತೋತು." ಮುಂದಿನ ಬೇಸಿಗೆಗೆ ಅದೇ ಸರ್ಕಾರದವರು ಕಾವಲನ್ನು ಮತ್ತೆ ಕಾಡುಪ್ರಾಣಿಗಳಿಗೆ ಸಿದ್ಧಮಾಡುತ್ತೇವೆಂದು ತಂತಿ ಎಳೆದು, ಮೇಯಿಸುವುದನ್ನು ನಿಲ್ಲಿಸಿ, ಹಟ್ಟಿಯನ್ನು ನೆಲಸಮ ಮಾಡಿದರು. ಕುರಿಗಳನ್ನು ಮಾರಿ ಹಿರಿಯೂರಿಗೆ ಬಂದ ದೊಡ್ಡಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಲೇ ಸವೆದು ಹೋದ. ಸಾಯುವವರೆಗೂ ಕುರಿಗಳ ಮಾತನ್ನು ಮತ್ತೆ ಆಡಲೇ ಇಲ್ಲ.

ಈಗ ಅದೇ ಕಾವಲಿಗೆ ಬೇರೆ ಕಡೆಯಿಂದ ಚಿಗರಿಗಳನ್ನು ತಂದರು. ಹಳೆಯ ಹಟ್ಟಿಯ ಹಿರಿಯರಿಗೆ ಸನ್ಮಾನವಂತೆ. ದೊಡ್ಡವ್ವ ಅದೇ ಕಂಬಳಿ ಹೊದ್ದು ಹೊರಟಳು, ನಾನು ಜೊತೆಗೆ ಹೋದೆ. ಎಳೆಯ ವಯಸ್ಸಿನ ಅಧಿಕಾರಿಯೊಬ್ಬರು ಶಾಲು ಹಿಡಿದು ನಗುತ್ತ ಬಂದರು.

"ನಿಮ್ಮ ಕಾಲದ ಚಿಗರಿ ವಾಪಸ್ ತಂದಿದ್ದೀವಿ ಅಜ್ಜಿ. ಖುಷಿ ಆಯ್ತಾ?"

ದೊಡ್ಡವ್ವ ಶಾಲನ್ನು ತಳ್ಳಿದಳು. "ಅವನ್ನ ಲಾರಿ ಕಳ್ಸಿ ಕರೆಸ್ಕಂಡ್ರಿ. ನಮ್ಮನ್ನ ಯಾವಾಗ ಕರೆಸ್ಕಂತೀರಿ ಸ್ವಾಮಿ? ಇದ್ದ ಒಂದು ಚಿಗರಿನ ಕಾಲು ಕಟ್ಟಿ ಕೊಂದೋರು ನೀವು. ಅದನ್ನ ಕೊಲ್ದೆ ಇಟ್ಕಂಡಿದ್ದು ನನ್ ಗಂಡ."

ಅಧಿಕಾರಿ ಅತ್ತಿತ್ತ ನೋಡಿ, ಮೈಕು ಹಿಡಿದವನಿಗೆ ಸನ್ನೆ ಮಾಡಿದರು. ಲಾರಿಯಲ್ಲಿದ್ದ ಪೆಟ್ಟಿಗೆಗಳ ಬಾಗಿಲು ಮೇಲೆದ್ದವು. ಚಿಗರಿಗಳು ಚಿಮ್ಮಿ ಓಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡವ್ವ ಬೆನ್ನು ತಿರುಗಿಸಿ ನಿಂತಿದ್ದಳು. ಏನೂ ಅರಿಯದ ಆ ಮೂಕಪ್ರಾಣಿಗಳ ಮೇಲೂ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಜನ ಊಟಕ್ಕೆ ಚದುರಿದ ಮೇಲೆ ಇಬ್ಬರೂ ತಂತಿಯ ಗುಂಟ ನಡೆದೆವು. ಹಿಂದಿನಿಂದ ಕಾವಲುಗಾರ ಕೂಗಿದ: "ಅಮ್ಮಾ, ಆ ಕಡೆ ಹೋಗ್ಬ್ಯಾಡ್ರಿ, ಚಿಗರಿ ಬೆದರ್ತಾವೆ."

ದೊಡ್ಡವ್ವ ಅಲ್ಲೇ ನಿಂತಳು. ತಂತಿ ಹಿಡಿದು ಬಹಳ ಹೊತ್ತು ಒಳಗೆ ನೋಡಿದಳು. ಹುಲ್ಲು ನಿಜಕ್ಕೂ ಚೆನ್ನಾಗಿ ಬೆಳೆದಿತ್ತು. ನಮ್ಮ ಮನೆಯಿದ್ದ ನೆಲ ಯಾವುದೆಂದು ಇಬ್ಬರಿಗೂ ಗುರುತು ಹತ್ತಲಿಲ್ಲ.